ತಲೆ ಎತ್ತಿ ನೋಡಿ ಬರೆದ ಹಾಜರಿ

ಮೂವತ್ತೊಂದು ವರ್ಷ ನಾನು ಮಾಡಿದ ಕೆಲಸವನ್ನು ಒಂದೇ ವಾಕ್ಯದಲ್ಲಿ ಹೇಳಬಹುದು. ಇದ್ದವರನ್ನು ಇದ್ದಾರೆ ಎಂದು ಬರೆದೆ, ಇಲ್ಲದವರನ್ನು ಇಲ್ಲ ಎಂದು ಬರೆದೆ. ಕೇಳುವುದಕ್ಕೆ ಇದು ವೇದಾಂತದ ಹಾಗಿದೆ. ನಿಜಕ್ಕೂ ಇದು ಪುಣೆಯ ಒಂದು ಕಾಲೇಜಿನ ಕಚೇರಿಯಲ್ಲಿ, ಫ್ಯಾನಿನ ಗಾಳಿ ತಲುಪದ ಮೂರನೆಯ ಮೇಜಿನಲ್ಲಿ ಕೂತು ವಿದ್ಯಾರ್ಥಿಗಳ ಹಾಜರಿ ನೋಡಿಕೊಳ್ಳುವ ಗುಮಾಸ್ತನ ಕೆಲಸ. ಇರುವುದು ಯಾವುದು, ಇಲ್ಲದ್ದು ಯಾವುದು ಎಂಬ ಪ್ರಶ್ನೆ ಹಿಡಿದು ಋಷಿಗಳು ಕಾಡಿಗೆ ಹೋದರು. ನಾನು ಅದೇ ಪ್ರಶ್ನೆ ಹಿಡಿದು ಬಿಬವೇವಾಡಿಯಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ.

ನಾನು ನಿವೃತ್ತನಾದ ಮೇಲೆ ಆ ಮೇಜಿಗೆ ಬಂದ ಹೊಸ ಹುಡುಗಿ ಒಮ್ಮೆ ಫೋನು ಮಾಡಿ, "ಬಿರಾದಾರ ಕಾಕಾ, ಈ ಕೆಲಸದಾಗ ಕಲಿಯೂದು ಏನರ ಅದ ಏನ್ರಿ, ಬರೇ ತುಂಬೂದ ಅದ?" ಎಂದು ಕೇಳಿದಳು. ಫೋನಿನಲ್ಲಿ ಹೇಳುವ ಉತ್ತರ ಅಲ್ಲವೆಂದು ಇಲ್ಲಿ ಬರೆಯುತ್ತಿದ್ದೇನೆ. ಬಡ್ತಿಗಳ ವಿಷಯ ಬರೆಯುವುದಿಲ್ಲ. ಎರಡು ಸಲ ಸಿಕ್ಕವು. ಎರಡು ಸಲವೂ ಕುರ್ಚಿ ಬದಲಾಯಿತು, ಮೇಜು ಅದೇ ಉಳಿಯಿತು.

ನಾನು ಇಂಡಿ ತಾಲೂಕಿನಿಂದ ಬಂದು ಸೇರಿದಾಗ ಕಚೇರಿಯ ಮೇಲಧಿಕಾರಿ ದೇಶಮುಖ ಸಾಹೇಬರು. ಗಟ್ಟಿಯಾಗಿ ನಕ್ಕರೆ ಇಲಾಖೆಗೆ ತಿಳಿಸಬೇಕಾದೀತು ಎನ್ನುವಂಥ ಗಾಂಭೀರ್ಯ ಅವರದು. ಆಗ ಪ್ರಾಧ್ಯಾಪಕರು ತರಗತಿಯಲ್ಲಿ ಹೆಸರು ಕೂಗಿ ಹಾಜರಿ ಹಾಕುತ್ತಿದ್ದರು. ವಾರಕ್ಕೊಮ್ಮೆ ಕಚೇರಿಯಿಂದ ಒಬ್ಬರು ಹೋಗಿ ತಾವೇ ಕೂಗಿ ತಾಳೆ ನೋಡಬೇಕಿತ್ತು. ಮೊದಲ ವಾರವೇ ನನ್ನನ್ನು ಕಳಿಸಿದರು. ನಾನು ಪುಸ್ತಕದಲ್ಲಿ ಮುಖ ಹುಗಿದು ಕೂಗುತ್ತ ಹೋದೆ. ಒಂದು ಹೆಸರಿಗೆ ಉತ್ತರ ಬರಲಿಲ್ಲ, ಕೆಂಪು ಶಾಯಿಯಲ್ಲಿ 'ಗೈ' ಎಂದು ಬರೆದೆ. ಗೈರು ಎಂಬುದರ ಗಿಡ್ಡ ರೂಪ ಅದು. ಆ ಹೆಸರಿನ ಹುಡುಗಿ ಬೆಂಚಿನ ಕೆಳಗೆ ಬಗ್ಗಿ ಬಿದ್ದ ಪೆನ್ನು ಹುಡುಕುತ್ತಿದ್ದಳು. ಮಧ್ಯಾಹ್ನ ಅಳುತ್ತ ಕಚೇರಿಗೆ ಬಂದಳು. ದೇಶಮುಖರು ನನ್ನನ್ನು ಕರೆದು, ಬೈಯದೆ, ಒಂದೇ ಮಾತು ಹೇಳಿದರು: "ಆಧೀ ವರ ಬಘ, ಮಗ ಲಿಹೀ." ಮೊದಲು ತಲೆ ಎತ್ತಿ ನೋಡು, ಆಮೇಲೆ ಬರೆ. ಇದ್ದಾರೆ ಎಂದು ತಪ್ಪಾಗಿ ಬರೆದರೆ ಕಾಗದ ಕೆಡುತ್ತದೆ, ಇಲ್ಲ ಎಂದು ತಪ್ಪಾಗಿ ಬರೆದರೆ ಮನುಷ್ಯ ಕೆಡುತ್ತಾನೆ ಎಂದೂ ಸೇರಿಸಿದರು. ಇದು ಸೇವಾ ನಿಯಮಾವಳಿಯಲ್ಲಿ ಎಲ್ಲಿಯೂ ಇಲ್ಲ. ನಾನು ಹುಡುಕಿ ನೋಡಿದ್ದೇನೆ.

ಆ ಕಾಲದಲ್ಲಿ ಮೋಸ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಜಾಧವ ಎಂಬ ಒಬ್ಬ ವಿದ್ಯಾರ್ಥಿಗೆ ಏಳು ದನಿಗಳಿದ್ದವು. ಏಳು ಗೆಳೆಯರ ಪರವಾಗಿ, ಏಳು ಮೂಲೆಗಳಿಗೆ ತಿರುಗಿ, "ಯೆಸ್ ಸರ್" ಎನ್ನುತ್ತಿದ್ದ. ಅರ್ಥಶಾಸ್ತ್ರದ ಪ್ರಾಧ್ಯಾಪಕರಿಗೆ ಇದು ಗೊತ್ತಿತ್ತು. ಒಂದು ದಿನ, ಕುರಕುಂಭದ ಕಾರ್ಖಾನೆಯಲ್ಲಿ ನೌಕರಿ ಸಿಕ್ಕು ಕಾಲೇಜು ಬಿಟ್ಟಿದ್ದ ಹುಡುಗನ ಹೆಸರನ್ನೂ ನಡುವೆ ಸೇರಿಸಿ ಕೂಗಿದರು. ಜಾಧವ ಅಭ್ಯಾಸಬಲದಿಂದ ಅವನ ದನಿಯಲ್ಲಿ "ಯೆಸ್ ಸರ್" ಎಂದ. ಪ್ರಾಧ್ಯಾಪಕರು ಕನ್ನಡಕ ಇಳಿಸಿ, ಕುರಕುಂಭದಿಂದ ಇಷ್ಟು ಬೇಗ ಯಾವ ಗಾಡಿ ಸಿಕ್ಕಿತಪ್ಪ ಎಂದು ಕೇಳಿದರು.

ಈಗ ಯೋಚಿಸಿದರೆ ಜಾಧವನ ಮೇಲೆ ಗೌರವ ಹುಟ್ಟುತ್ತದೆ. ಮೋಸ ಮಾಡಲಿಕ್ಕಾದರೂ ಒಬ್ಬ ದಿನಾಲೂ ಬರಬೇಕಿತ್ತು. ಏಳು ಗೆಳೆಯರ ದನಿ ಹೇಗಿದೆ ಎಂದು ಕಿವಿಗೊಟ್ಟು ಕೇಳಿರಬೇಕಿತ್ತು.

ಆಮೇಲೆ ಬಂದದ್ದು ಫೋನಿನೊಳಗಿನ ಗ್ರೂಪು. ಅದಕ್ಕೂ ಮೊದಲು ಕಾಲೇಜಿನಲ್ಲಿ ಗಾಜಿನ ಬಾಗಿಲಿನ ಸೂಚನಾ ಫಲಕವಿತ್ತು, ಅದರ ಕೀಲಿ ನನ್ನ ಬಳಿ ಇತ್ತು, ಆ ಕೀಲಿಯಿಂದಾಗಿ ನನಗೊಂದು ತೂಕವಿತ್ತು. ಫಲಿತಾಂಶದ ದಿನ ಅದರ ಮುಂದೆ ನೂಕುನುಗ್ಗಲು. ಎತ್ತರದವರು ಓದಿ ಗಿಡ್ಡವರಿಗೆ ಹೇಳುತ್ತಿದ್ದರು. ಹೀಗಾಗಿ ಒಬ್ಬನ ಅಂಕ ಇಡೀ ಊರಿಗೆ ಗೊತ್ತಾಗುತ್ತಿತ್ತು, ಹಾಗೆಯೇ ನಪಾಸಾದವನ ಹೆಗಲ ಮೇಲೆ ಯಾರದೋ ಒಂದು ಕೈಯೂ ಇರುತ್ತಿತ್ತು. ಫಲಿತಾಂಶ ಫೋನಿಗೇ ಬರಲು ಶುರುವಾದ ಮೇಲೆ ನಾನು ಕಂಡದ್ದು ಬೇರೆ. ಅಂಗಳದಲ್ಲಿ ಐವತ್ತು ಮಂದಿ, ಒಬ್ಬೊಬ್ಬರೂ ತಮ್ಮ ತಮ್ಮ ಅಂಗೈ ನೋಡಿಕೊಳ್ಳುತ್ತ ನಿಂತಿದ್ದರು. ಯಾರು ಪಾಸು, ಯಾರು ನಪಾಸು ಎಂದು ನಿಂತ ನಿಲುವಿನಿಂದ ಹೇಳಲಾಗುತ್ತಿರಲಿಲ್ಲ.

ಗ್ರೂಪಿನಲ್ಲಿ ಸೂಚನೆ ಹಾಕುವ ಹೊಣೆ ನನಗೇ ಬಂತು. ನಿವೃತ್ತ ಪ್ರಾಧ್ಯಾಪಕರೊಬ್ಬರು ತೀರಿಕೊಂಡ ಸುದ್ದಿಯನ್ನು ವಿಷಾದಪೂರ್ವಕವಾಗಿ ಹಾಕಿದೆ. ಅರ್ಧ ತಾಸಿನಲ್ಲಿ ಅದಕ್ಕೆ ಅರವತ್ತು ಹೆಬ್ಬೆಟ್ಟು ಬಿದ್ದವು, ಮೇಲ್ಮುಖವಾದ ಹಳದಿ ಹೆಬ್ಬೆಟ್ಟುಗಳು. ನಾನು ಕೆರಳಿ ಮೊದಲ ಹೆಬ್ಬೆಟ್ಟಿನವಳನ್ನು, ನಮ್ಮ ಕಡೆಯ ಕನ್ನಡದ ಹುಡುಗಿಯನ್ನು, ಕಚೇರಿಗೆ ಕರೆಸಿದೆ. "ಒಬ್ಬರು ಸತ್ತಿದ್ದಕ್ಕ ಶಾಬಾಸ್ ಅಂತಿ ಏನವ್ವಾ?" ಎಂದೆ. ಅವಳು ಕಣ್ಣು ಪಿಳುಕಿಸಿ, "ಇಲ್ರಿ ಸರ್, ಓದೀನಿ ಅಂತ ಹೇಳಿದ್ದು. ನೀವು ನೋಟಿಸ್ ಕೆಳಗ ಸಹಿ ಮಾಡಸ್ತಿದ್ರಲ್ಲ, ಹಂಗ" ಎಂದಳು. ಉತ್ತರ ಸರಿಯಾಗಿತ್ತು. ಇಂಥ ಉತ್ತರಗಳು ಮೇಲಧಿಕಾರಿಗಳಿಗೆ ಹಿಡಿಸುವುದಿಲ್ಲ. ನನಗೂ ಹಿಡಿಸಲಿಲ್ಲ.

ಹಲಗೆಯ ಮೇಲಿನದನ್ನು ಬರೆದುಕೊಳ್ಳುವ ಪದ್ಧತಿಯೂ ಹೋಯಿತು. ಹಲಗೆಯ ಜಾಗದಲ್ಲಿ ಪರದೆ ಬಂತು. ಪಾಠ ಮುಗಿಯುವ ಹೊತ್ತಿಗೆ ಹಿಂದಿನ ಬೆಂಚುಗಳಿಂದ ಹತ್ತು ಕೈಗಳು ಒಮ್ಮೆಲೆ ಏಳುತ್ತಿದ್ದವು. ಹೊಸದಾಗಿ ಬಂದ ಪ್ರಾಧ್ಯಾಪಕರೊಬ್ಬರು, ಇಷ್ಟು ಮಂದಿಗೆ ಸಂದೇಹ ಹುಟ್ಟಿತಲ್ಲ ಎಂದು ಹಿಗ್ಗಿ ತಿರುಗಿದರಂತೆ. ಎಲ್ಲ ಕೈಗಳಲ್ಲೂ ಫೋನಿದ್ದವು, ಎಲ್ಲವೂ ಪರದೆಯ ಫೋಟೋ ಹೊಡೆಯುತ್ತಿದ್ದವು. ಆ ಫೋಟೋ ಐದು ನಿಮಿಷದೊಳಗೆ ಗ್ರೂಪಿಗೆ ಹೋಗುತ್ತಿತ್ತು. ಪಾಠವೇ ಮನೆಗೆ ಹೋಗುವುದಾದರೆ ಹುಡುಗರು ಕಾಲೇಜಿಗೆ ಯಾಕೆ ಬರಬೇಕು ಎಂಬುದು ನ್ಯಾಯವಾದ ಪ್ರಶ್ನೆಯೇ.

ಬರೀ ದೂರುವುದು ಮುಪ್ಪಿನ ಲಕ್ಷಣ, ಆದ್ದರಿಂದ ಇದನ್ನೂ ಬರೆಯುತ್ತೇನೆ. ತೊದಲುವ ಒಬ್ಬ ಹುಡುಗನಿದ್ದ. ತರಗತಿಯಲ್ಲಿ ಅವನು ಬಾಯಿ ತೆರೆದದ್ದನ್ನು ಯಾರೂ ಕಂಡಿರಲಿಲ್ಲ. ಗ್ರೂಪು ಬಂದ ಮೇಲೆ ಅವನು ಕೇಳಿದಷ್ಟು ಪ್ರಶ್ನೆಗಳನ್ನು ಇನ್ನಾರೂ ಕೇಳಲಿಲ್ಲ. ಒಂದೊಂದಕ್ಕೂ ಪ್ರಾಧ್ಯಾಪಕರು ಪುಸ್ತಕ ತೆರೆಯಬೇಕಾಗುತ್ತಿತ್ತು. ಕೂಗಿ ಹಾಜರಿ ಹಾಕುವ ನಮ್ಮ ಕಾಲದಲ್ಲಿ ಅವನು "ಯೆಸ್ ಸರ್" ಎನ್ನುವಷ್ಟರಲ್ಲಿ ಮುಂದಿನ ಹೆಸರು ಬಂದುಬಿಡುತ್ತಿತ್ತು.

ಇನ್ನು ನನ್ನ ತಪ್ಪಿನ ಕಥೆ. ನಿವೃತ್ತಿಗೆ ಎರಡು ವರ್ಷ ಇರುವಾಗ ತರಗತಿಗಳ ಬಾಗಿಲಲ್ಲಿ ಹೆಬ್ಬೆಟ್ಟಿನ ಯಂತ್ರ ಕೂಡಿಸಿದರು. ಬೆಳಿಗ್ಗೆ ಒಳಗೆ ಹೋಗುವಾಗ ಒಮ್ಮೆ ಹೆಬ್ಬೆರಳು ಇಟ್ಟರೆ ಆ ದಿನದ ಹಾಜರಿ. ಬೆರಳು ಹೊಂದಿದರೆ ಯಂತ್ರದೊಳಗಿನ ಹೆಣ್ಣುದನಿ "ಥ್ಯಾಂಕ್ ಯೂ" ಎನ್ನುತ್ತದೆ, ಹೊಂದದಿದ್ದರೆ "ಪ್ಲೀಸ್ ಟ್ರೈ ಅಗೇನ್" ಎನ್ನುತ್ತದೆ. ನನ್ನ ಅಜ್ಜ ಹೆಬ್ಬೆಟ್ಟು ಒತ್ತುವವನು. ಆ ಅವಮಾನ ಮನೆತನಕ್ಕೆ ತಪ್ಪಲೆಂದು ಅಪ್ಪ ನನ್ನನ್ನು ಸಾಲೆಗೆ ಹಾಕಿದ. ಈಗ ಪದವಿ ಓದುವ ಮಕ್ಕಳೆಲ್ಲ ಸಾಲಾಗಿ ನಿಂತು ಹೆಬ್ಬೆಟ್ಟು ಒತ್ತುವುದನ್ನು ನೋಡಿ, ಪ್ರಗತಿಯ ಚಕ್ರ ಪೂರ್ತಿ ಒಂದು ಸುತ್ತು ತಿರುಗಿತು ಎಂದುಕೊಂಡೆ.

ಮೊದಲ ವರ್ಷ ಯಂತ್ರದ ಜತೆಗೆ ಕೈಬರಹದ ಹಾಜರಿಯನ್ನೂ ಇಡಬೇಕೆಂದು ಪ್ರಾಚಾರ್ಯೆ ಮೇಡಂ ನನಗೆ ಲಿಖಿತವಾಗಿ ಹೇಳಿದ್ದರು. ನಾನು ಇಡಲಿಲ್ಲ. ಸೋಮಾರಿತನದಿಂದ ಅಲ್ಲ, ಸೆಡವಿನಿಂದ. ನನ್ನ ಇಪ್ಪತ್ತೊಂಬತ್ತು ವರ್ಷದ ಕೈಬರಹಕ್ಕಿಂತ ಒಂದು ಡಬ್ಬಿ ಹೆಚ್ಚು ನಂಬಿಕಸ್ಥ ಎಂದಾದ ಮೇಲೆ ಡಬ್ಬಿಯೇ ಬರೆದುಕೊಳ್ಳಲಿ ಎಂದುಕೊಂಡೆ. ಒಂದು ಒರೆಯಲ್ಲಿ ಎರಡು ಕತ್ತಿ ಹಿಡಿಸುವುದಿಲ್ಲ ಎಂದು ಕಚೇರಿಯಲ್ಲಿ ಘೋಷಿಸಿ, ಹೊಸ ಹಾಜರಿ ಪುಸ್ತಕಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಇನ್ನು ಹೆಸರು ಕೂಗುವುದು ಬೇಡ ಎಂದು ಪ್ರಾಧ್ಯಾಪಕರಿಗೂ ತಿಳಿಸಿದೆ. ಅವರು ನನ್ನನ್ನು ಹರಸಿದರು.

ಸುವರ್ಣಾ ಎಂಬ ಹುಡುಗಿ ವಾಣಿಜ್ಯ ವಿಭಾಗದ ಎರಡನೆಯ ವರ್ಷದಲ್ಲಿದ್ದಳು. ತಂದೆತಾಯಿ ವಿಜಯಪುರದ ಕಡೆಯವರು, ಲೋಣಾವಳಾದಲ್ಲಿ ಶೇಂಗಾ ಬೆಲ್ಲದ ಚಿಕ್ಕಿ ತಯಾರಿಸುವ ಒಂದು ಮನೆಯಲ್ಲಿ ಕೆಲಸಕ್ಕಿದ್ದರು. ಅವಳು ದಿನಾಲೂ ಲೋಕಲ್ ರೈಲಿನಲ್ಲಿ ಬಂದು ಹೋಗುತ್ತಿದ್ದಳು. ಮಳೆ ಶುರುವಾಗಿ ತಿಂಗಳಾಗಿತ್ತು. ಒಂದು ದಿನ ಕಚೇರಿಯ ಕಿಟಕಿಗೆ ಬಂದು ಕನ್ನಡದಲ್ಲೇ ಮಾತಾಡಿದಳು.

"ಕಾಕಾ, ಮಷೀನ್ ನನ್ನ ಹೆಬ್ಬಟ್ಟ ತೊಗೊಳವಲ್ದು ನೋಡ್ರಿ."

ನಾನು ತಲೆ ಎತ್ತದೆ, ಅಂಚೆಚೀಟಿ ಹಸಿ ಮಾಡುವ ಸ್ಪಂಜನ್ನು ಅವಳ ಕಡೆ ತಳ್ಳಿದೆ. "ಒರಸ್ಕೊಂಡು ಇಡು. ಯಂತ್ರ ಸುಳ್ಳ ಹೇಳಂಗಿಲ್ಲ."

"ಅದು ಹೇಳೂದ ಒಂದ ಮಾತರಿ. ಟ್ರೈ ಅಗೇನ್ ಅಂತದ."

"ಹಂಗಾರ ಟ್ರೈ ಮಾಡು."

ಇದನ್ನು ನಾನು ಹಾಸ್ಯವೆಂದು ತಿಳಿದಿದ್ದೆ. ಮತ್ತೆ ಎರಡು ಸಲ ಬಂದಳು, ಎರಡು ಸಲವೂ ಸ್ಪಂಜು ಕೊಟ್ಟೆ. ನಾಲ್ಕನೆಯ ಸಲ ಬರಲಿಲ್ಲ. ಸಮಸ್ಯೆ ಬಗೆಹರಿಯಿತು ಎಂದು ನಾನು ತೀರ್ಮಾನಿಸಿದೆ. ದೂರು ಬರುವುದು ನಿಂತರೆ ದೂರಿನ ಕಾರಣವೂ ನಿಂತಿತು ಎಂದು ನಂಬುವುದು ಕಚೇರಿಗಳ ಸನಾತನ ಧರ್ಮ.

ನಿಂತಿರಲಿಲ್ಲ. ಅವಳು ದಿನಾಲೂ ಬೆರಳಿಡುತ್ತಿದ್ದಳು, ಯಂತ್ರ ದಿನಾಲೂ ಟ್ರೈ ಅಗೇನ್ ಎನ್ನುತ್ತಿತ್ತು, ಹಿಂದಿನ ಸಾಲು ನಗುತ್ತಿತ್ತು. ಅದೇ ತರಗತಿಯ ನಿಶಾಂತ್ ಎಂಬ ಹುಡುಗ, ಬೆಂಗಳೂರಿನವನು, ತಂದೆಯ ಕಂಪನಿ ಕೆಲಸದಿಂದಾಗಿ ಪುಣೆಗೆ ಬಂದವನು, ಫೋನಿನಲ್ಲಿ ಗಳಿಗೆಗೊಂದು ರೀಲ್ಸ್ ಮಾಡುವುದರಲ್ಲಿ ಹೆಸರುವಾಸಿ. ಆ ಯಂತ್ರದ ದನಿಗೆ ತಾಳ ಸೇರಿಸಿ, ಬೆಂಚಿನ ಮೇಲೆ ಕುಣಿದು ಒಂದು ರೀಲ್ ಮಾಡಿದ. ಕಾಲೇಜೆಲ್ಲ ನೋಡಿತು. ಸುವರ್ಣಾಳ ಹೆಸರೇ ಟ್ರೈ ಅಗೇನ್ ಆಯಿತು. ಕ್ಯಾಂಟೀನಿನವನೂ ಹಾಗೆಯೇ ಕರೆಯುತ್ತಿದ್ದನಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ನಾನು ರೀಲ್ಸ್ ನೋಡುವವನಲ್ಲ ಎಂಬುದು ಆಗ ನನ್ನ ಹೆಮ್ಮೆಗಳಲ್ಲಿ ಒಂದಾಗಿತ್ತು.

ಪರೀಕ್ಷೆಗೆ ಮೂರು ವಾರ ಇರುವಾಗ ಯಂತ್ರ ತಾನೇ ಒಂದು ಪಟ್ಟಿ ಹೊರಹಾಕಿತು. ನೂರಕ್ಕೆ ಎಪ್ಪತ್ತೈದು ಹಾಜರಿ ಇಲ್ಲದವರಿಗೆ ಪರೀಕ್ಷೆ ಇಲ್ಲ. ಪಟ್ಟಿಯಲ್ಲಿ ನಾಲ್ಕು ಹೆಸರು, ಮೊದಲನೆಯದು ಸುವರ್ಣಾಳದು. ತೊಂಬತ್ತೆರಡು ದಿನಗಳಲ್ಲಿ ಹನ್ನೊಂದು. ನಾನು ಸಹಿ ಮಾಡಿ ಗ್ರೂಪಿಗೆ ಹಾಕಿದೆ. ಹೆಬ್ಬೆಟ್ಟುಗಳು ಬಿದ್ದವು.

ಮರುದಿನ ಅವಳು ಬಂದಳು. ಈ ಸಲ ಕಿಟಕಿಗೆ ಬರಲಿಲ್ಲ, ಬಾಗಿಲಿನಿಂದ ಒಳಗೇ ಬಂದು ಮೇಜಿನ ಮುಂದೆ ನಿಂತಳು, ಜಡೆಗೆ ಹಸಿರು ಕ್ಲಿಪ್ಪು.

"ಕಾಕಾ, ನಾ ದಿನಾ ಬಂದೀನ್ರಿ."

"ಯಂತ್ರದಾಗ ಹನ್ನೊಂದ ದಿನ ಅದಲ್ಲವ್ವಾ."

"ಯಂತ್ರಕ್ಕ ಏನ್ ಗೊತ್ತರಿ, ನಾ ಒಳಗ ಹೋಗಿ ಎಲ್ಲಿ ಕುಂತೀನಿ ಅಂತ? ನೀವು ಬರಕೊಂಡೀರಲ್ಲ, ಕೈಲೆ ಬರೆಯೂ ಪುಸ್ತಕದಾಗ? ಅದನ್ನ ತಗೀರಿ. ಅದರಾಗ ಇರ್ತದ."

ಅವಳ ಮಾತಿನಲ್ಲಿ ಕೋಪ ಇರಲಿಲ್ಲ, ನಂಬಿಕೆ ಇತ್ತು. ಕೋಪವಿದ್ದರೆ ನನಗೆ ಉತ್ತರ ಕೊಡಲು ಬರುತ್ತಿತ್ತು. ನಾನು ಕಪಾಟಿನ ಕಡೆ ನೋಡಲಿಲ್ಲ.

"ನಿನ್ನ ಕೈ ತೋರಸು" ಎಂದೆ.

ತೋರಿಸಿದಳು. ಠಸ್ಸೆಯ ಶಾಯಿ ಪೆಟ್ಟಿಗೆಯ ಮೇಲೆ ಹೆಬ್ಬೆರಳು ಒತ್ತಿಸಿ ಬಿಳಿ ಹಾಳೆಯ ಮೇಲೆ ಇಡಿಸಿದೆ. ಹಾಳೆಯ ಮೇಲೆ ನೀಲಿ ಬಣ್ಣದ ಒಂದು ಅವರೆಕಾಳಿನಾಕಾರ ಮೂಡಿತು. ಅದರೊಳಗೆ ಒಂದು ಗೆರೆಯೂ ಇರಲಿಲ್ಲ.

"ಇದೇನು?"

"ಬೆಲ್ಲದ ಪಾಕರಿ. ಬಿಸಿ ಇದ್ದಾಗನ ಕೈಲೆ ತಟ್ಟಬೇಕು, ಆರಿದರ ಹಾಳೆ ಆಗಂಗಿಲ್ಲ. ಮಳಿಗಾಲದಾಗ ಲೋಣಾವಳಾಕ್ಕ ಮಂದಿ ಭಾಳ ಬರ್ತಾರ. ಸಂಜಿಗೆ ಹೋಗಿ ನಾನೂ ಕೈ ಹಚ್ಚತೀನಿ." ಹೆಬ್ಬೆರಳನ್ನು ತಿರುಗಿಸಿ ನೋಡಿಕೊಂಡು ಹೇಳಿದಳು: "ಜೂನದಾಗ ಹೆಬ್ಬಟ್ಟ ನೋಂದಸುವಾಗ ಗೆರಿ ಇದ್ವರಿ."

ಆಮೇಲೆ ಉಳಿದದ್ದನ್ನು ಹೇಳಿದಳು. ಚಿಕ್ಕಿ ಮನೆಯ ಮಾಲೀಕರು ಅವಳನ್ನು ಪೂರ್ತಿ ದಿನದ ಕೆಲಸಕ್ಕೆ ಕೇಳುತ್ತಿದ್ದರು. ಅಪ್ಪ ಇಷ್ಟು ದಿನ ತಡೆದಿದ್ದ. ಪರೀಕ್ಷೆಗೆ ಕೂಡಿಸದಿದ್ದರೆ ಮತ್ತೊಂದು ವರ್ಷ ತಡೆಯುವುದಿಲ್ಲ, ಕಾಲೇಜು ಇಲ್ಲಿಗೆ ಮುಗಿಯಿತು. "ನಾ ಗೈರ ಇದ್ದು ನಪಾಸಾಗಿದ್ರ ಬ್ಯಾರೆ ಮಾತರಿ" ಎಂದಳು.

ಕಪಾಟಿನಲ್ಲಿ ಪುಸ್ತಕಗಳಿದ್ದವು. ಹೊಸವು, ಬೆನ್ನು ಕೂಡ ಮುರಿಯದವು. ಅದನ್ನು ಅವಳಿಗೆ ಹೇಳಿದೆ. ಮೂವತ್ತೊಂದು ವರ್ಷದಲ್ಲಿ ನಾನು ಹೇಳಿದ ಅತಿ ಕಷ್ಟದ ವಾಕ್ಯ ಅದು. ಅವಳು ಬೆರಳಿನ ಶಾಯಿಯನ್ನು ನನ್ನ ಸ್ಪಂಜಿಗೇ ಒರೆಸಿಕೊಂಡು ಹೋದಳು.

ಮೇಡಂ ಬಳಿ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಕೆಟ್ಟವರಲ್ಲ. ವಿಶ್ವವಿದ್ಯಾಲಯಕ್ಕೆ ಕಳಿಸುವ ಕಾಗದಕ್ಕೆ ಆಧಾರ ಬೇಕೆನ್ನುವವರು. "ಬಿರಾದಾರ, ಪುರಾವಾ ಕುಠೇ ಆಹೇ?" ಎಂದರು. ಸಾಕ್ಷ್ಯ ಎಲ್ಲಿದೆ? ಅವಳು ಬಂದಿದ್ದಳು ಎಂದು ಪಾಠ ಮಾಡಿದವರಾದರೂ ಬರೆದುಕೊಡಲಿ, ಮುಂದಿನ ವಾರ ಶುಕ್ರವಾರದ ತನಕ ಸಮಯವಿದೆ ಎಂದರು. ನಾನು ಐದೂ ಪ್ರಾಧ್ಯಾಪಕರ ಬಳಿ ಹೋದೆ. ನೂರ ಹತ್ತು ಮಕ್ಕಳ ತರಗತಿ, ಅವರು ಹೆಸರು ಕೂಗುವುದನ್ನು ಬಿಟ್ಟಿದ್ದರು, ಬಿಡಿಸಿದವನು ನಾನೇ. ಒಬ್ಬರು ಅವಳ ಫೋಟೋ ನೋಡಿ, "ಮುಖ ಪರಿಚಯ ಇದೆ" ಎಂದರು. ಅದು ಕಾಲೇಜಿನ ಗುರುತಿನ ಚೀಟಿಯ ಫೋಟೋ. ಅದರಲ್ಲಿ ಎಲ್ಲರ ಮುಖವೂ ಒಂದೇ ತರಹ ಇರುತ್ತದೆ.

ಸೋಮವಾರ ಮಧ್ಯಾಹ್ನ ನಿಶಾಂತ್ ಕಚೇರಿಗೆ ಬಂದ.

"ಅಂಕಲ್, ಒಂದ್ ನಿಮಿಷ. ಸುವರ್ಣಾ ಡೈಲಿ ಬರ್ತಿದ್ಲು. ನನ್ ಹತ್ರ ಪ್ರೂಫ್ ಇದೆ."

"ನಿನ್ನ ಹತ್ತರ ಇರೂದು ಡಾನ್ಸ್" ಎಂದೆ.

"ಡಾನ್ಸ್ ಹಿಂದ್ಗಡೆ ನೋಡಿ ಅಂಕಲ್."

ಫೋನನ್ನು ನನ್ನ ಮೇಜಿನ ಮೇಲಿಟ್ಟ. ಅದರಲ್ಲಿ ಅವನು ಬೆಂಚಿನ ಮೇಲೆ ಕುಣಿಯುತ್ತಿದ್ದ, ಯಂತ್ರ ಟ್ರೈ ಅಗೇನ್ ಎನ್ನುತ್ತಿತ್ತು. ಅವನ ಮೊಣಕಾಲಿನ ಆಚೆಗೆ, ಎರಡನೆಯ ಬೆಂಚಿನಲ್ಲಿ, ಜಡೆಗೆ ಹಸಿರು ಕ್ಲಿಪ್ಪು ಹಾಕಿದ ಒಂದು ಬೆನ್ನು ಬಗ್ಗಿ ಬರೆದುಕೊಳ್ಳುತ್ತಿತ್ತು. ತನ್ನನ್ನೇ ಗೇಲಿ ಮಾಡುವ ಹಾಡಿನಲ್ಲಿ ಅವಳು ಹಾಜರಿದ್ದಳು, ತಾರೀಖಿನ ಸಮೇತ.

"ಪಾಠದ ಫೋಟೋಸೂ ಇವೆ. ದಿನಾ ಯಾರಾದ್ರೂ ಲಾಸ್ಟ್ ಬೆಂಚಿಂದ ಸ್ಕ್ರೀನ್ ಫೋಟೋ ತೆಗೀತಾರಲ್ಲ, ಎಲ್ಲದ್ರಲ್ಲೂ ಅವ್ಳ ತಲೆ ಅಡ್ಡ ಇರತ್ತೆ. ಸಿಕ್ಕಾಪಟ್ಟೆ ಬೈಕೊಂಡಿದೀವಿ." ಆಮೇಲೆ ದನಿ ಇಳಿಸಿದ. "ಒಂದ್ ಪ್ರಾಬ್ಲಮ್ ಇದೆ ಅಂಕಲ್. ಇದ್ರಲ್ಲಿ ಅವ್ಳು ಇರೋದೂ ಕಾಣ್ಸತ್ತೆ. ನಾವು ಇಲ್ದೆ ಇರೋದೂ ಕಾಣ್ಸತ್ತೆ."

ನನಗೆ ಅರ್ಥವಾಯಿತು. ಬೆಳಿಗ್ಗೆ ಬಂದು ಬೆರಳಿಟ್ಟು, ಥ್ಯಾಂಕ್ ಯೂ ಅನ್ನಿಸಿಕೊಂಡು, ಹಾಗೆಯೇ ಹೊರಟುಹೋದವರು. ಯಂತ್ರದ ಪ್ರಕಾರ ಅವರೆಲ್ಲ ಪರಮ ಹಾಜರು. ಫೋಟೋದಲ್ಲಿ ಅವರ ಬೆಂಚುಗಳು ಖಾಲಿ.

"ನಾವು ಅಂದ್ರ ಎಷ್ಟ ಮಂದಿ?"

"ಇಪ್ಪತ್ತ್ ಮೂರು. ನಾನೂ ಸೇರಿ. ನಾನು ಫೋಟೋ ತೆಗ್ದಿದ್ ದಿನ ಮಾತ್ರ ಇದ್ದೆ."

"ಅವರೆಲ್ಲಾರಿಗೂ ಕೇಳಿದಿ ಏನು?"

"ಒಂದ್ ಗ್ರೂಪ್ ಮಾಡಿ ಹಾಕ್ದೆ. ಹೀಗ್ ಹೀಗೆ, ಕೊಟ್ರೆ ನಾವೂ ಸಿಕ್ಕಾಕೊಳ್ತೀವಿ ಅಂತ. ಎಲ್ರೂ ನೋಡಿದ್ರು, ಒಬ್ರೂ ಮಾತಾಡ್ಲಿಲ್ಲ. ಒಂದ್ ಗಂಟೆ. ಆಮೇಲೆ ಒಂದೊಂದೇ ಥಂಬ್ಸ್ ಅಪ್ ಬಂತು."

"ಎಷ್ಟು?"

"ಇಪ್ಪತ್ತ್ ಮೂರು."

ನಾನು ಹೆಬ್ಬೆಟ್ಟಿನ ಬಗ್ಗೆ ಮೇಲೆ ಆಡಿದ ಮಾತುಗಳನ್ನು ಓದುಗರು ಬೇಕಾದರೆ ಇಲ್ಲಿ ನನಗೆ ನೆನಪಿಸಬಹುದು.

ಮುಂದಿನ ಮೂರು ದಿನ, ಬೆಳಿಗ್ಗೆ ಹತ್ತರಿಂದ ಐದರ ತನಕ, ಸರಕಾರಿ ಅನುದಾನದಲ್ಲಿ ಸಂಬಳ ಪಡೆಯುವ ನಾನು ನನ್ನ ಮೇಜಿನಲ್ಲಿ ಕೂತು ರೀಲ್ಸ್ ನೋಡಿದೆ. ಫೋಟೋಗಳಿದ್ದ ಹನ್ನೊಂದು ಫೋನುಗಳು ಬಂದಿದ್ದವು, ಪ್ರತಿಯೊಂದಕ್ಕೂ ಚೀಟಿ ಅಂಟಿಸಿ ಸಾಲಾಗಿ ಇಟ್ಟಿದ್ದೆ. ಅವು ನಡುನಡುವೆ ನಡುಗುತ್ತಿದ್ದವು. ಒಂದರಲ್ಲಿ ತಾಯಿ ಊಟ ಮಾಡಿದೆಯಾ ಎಂದು ಕೇಳುತ್ತಿದ್ದರು. ಕಪಾಟಿನ ಬೀಗ ತೆಗೆದು ಹೊಸ ಪುಸ್ತಕ ಹೊರತೆಗೆದೆ, ಬೆನ್ನು ಮುರಿದೆ, ಮೊದಲ ತಾರೀಖಿನಿಂದ ಶುರುಮಾಡಿದೆ. ಒಂದು ಫೋಟೋ, ತಲೆ ಎತ್ತುವುದು, ಹಸಿರು ಕ್ಲಿಪ್ಪು, ಬರೆಯುವುದು.

ಕೆಲವು ಸಂಗತಿಗಳನ್ನು ನಾನು ಹುಡುಕಿರಲಿಲ್ಲ, ಅವಾಗಿಯೇ ಕಂಡವು. ಒಂದು ರೀಲಿನಲ್ಲಿ ಯಾರೋ ಹೆಗಲಿಗೆ ಟವೆಲ್ಲು ಹಾಕಿಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಯಂತ್ರ ಸುಳ್ಳ ಹೇಳಂಗಿಲ್ಲ" ಎಂದು ನನ್ನ ದನಿಯಲ್ಲಿ ಹೇಳುತ್ತಿದ್ದ. ಆ ದನಿ ಪಕ್ಕಾ ನನ್ನದೇ. ಜಾಧವನ ವಂಶ ಅಳಿದಿಲ್ಲ ಎಂದು ಸಮಾಧಾನವಾಯಿತು. ಇನ್ನೊಂದರಲ್ಲಿ ತೊದಲುವ ಹುಡುಗ ಗೆಳೆಯರ ನಡುವೆ ನಗುತ್ತಿದ್ದ. ಅವನ ಪಕ್ಕದವನು ಫೋನು ನೋಡುತ್ತಿರಲಿಲ್ಲ, ಅವನನ್ನು ನೋಡುತ್ತಿದ್ದ. ನಾನು ಆ ತರಗತಿಯ ಬಾಗಿಲ ಮುಂದೆ ವರ್ಷವಿಡೀ ಓಡಾಡಿದವನು. ಒಳಗೆ ಇಷ್ಟೆಲ್ಲ ನಡೆದದ್ದು ನನಗೆ ಗೊತ್ತಿರಲಿಲ್ಲ.

ತೊಂಬತ್ತೆರಡು ದಿನಗಳಲ್ಲಿ ಎಪ್ಪತ್ತೆಂಟು ದಿನ ಅವಳು ಸಿಕ್ಕಳು. ಹನ್ನೊಂದು ದಿನಕ್ಕೆ ಫೋಟೋ ಇರಲಿಲ್ಲ, ಖಾಲಿ ಬಿಟ್ಟೆ. ಮೂರು ದಿನ ಅವಳ ಜಾಗ ಬರಿದಾಗಿತ್ತು. ಕೆಂಪು ಶಾಯಿಯಲ್ಲಿ ಗೈ ಎಂದು ಬರೆದೆ. ಅವಳನ್ನು ಕೇಳಿದರೆ, "ಆ ಮೂರ ದಿನ ಮಳಿಗೆ ಲೋಕಲ್ ಬಂದ್ ಇದ್ವರಿ, ಖರೇ ಅದ" ಎಂದಳು. ಆ ಮೂರು ಗೈಗಳಿಂದ ಪುಸ್ತಕಕ್ಕೆ ಮರ್ಯಾದೆ ಬಂತು.

ಇನ್ನೊಂದು ಲೆಕ್ಕವೂ ನನ್ನ ತಲೆಯಲ್ಲಿ ತಾನಾಗಿ ಆಗಿಹೋಗಿತ್ತು. ಮೂವತ್ತೊಂದು ವರ್ಷದ ಚಟ, ಬಿಡು ಎಂದರೆ ಬಿಡುವುದಿಲ್ಲ. ಇಪ್ಪತ್ತಮೂರು ಮಂದಿಯಲ್ಲಿ ಹತ್ತೊಂಬತ್ತು ಮಂದಿ ಪರೀಕ್ಷೆಗೆ ಕೂಡುವ ಹಾಗಿರಲಿಲ್ಲ. ನಿಶಾಂತನ ಹೆಸರು ಅದರಲ್ಲಿತ್ತು.

ಶುಕ್ರವಾರ ಪುಸ್ತಕವನ್ನೂ, ಆದೇಶವಿದ್ದರೂ ನಾನು ಹಾಜರಿ ಇಡಲಿಲ್ಲ ಎಂಬ ತಪ್ಪೊಪ್ಪಿಗೆಯನ್ನೂ ಮೇಡಂ ಮುಂದಿಟ್ಟೆ. ಅವರು ಪುಟ ಪುಟವಾಗಿ ನೋಡಿದರು. ನಡುವೆ ಹತ್ತು ತಾರೀಖು ಆರಿಸಿ ಅವುಗಳ ಫೋಟೋ ತೋರಿಸೆಂದರು, ತೋರಿಸಿದೆ. ಹಸಿರು ಕ್ಲಿಪ್ಪು ನೋಡುವಾಗ ಅವರ ಕಣ್ಣು ಹಿಂದಿನ ಖಾಲಿ ಬೆಂಚುಗಳ ಮೇಲೆ ನಿಂತದ್ದನ್ನು ನಾನು ಕಂಡೆ. ಪೆನ್ನು ಕೈಗೆ ತೆಗೆದುಕೊಂಡು, ಸಹಿ ಮಾಡದೆ, ಕೇಳಿದರು.

"ಬಿರಾದಾರ, ಬಾಕೀ ಮುಲಾಂಚಂ ಕಾಯ ದಿಸಲಂ?" ಉಳಿದ ಮಕ್ಕಳದ್ದು ಏನು ಕಂಡಿತು?

ಇದ್ದವರನ್ನು ಇದ್ದಾರೆ ಎಂದೂ ಇಲ್ಲದವರನ್ನು ಇಲ್ಲ ಎಂದೂ ಹೇಳುವುದು ನನ್ನ ಕೆಲಸ. ಅದಕ್ಕೇ ನನಗೆ ಸಂಬಳ. ಹತ್ತೊಂಬತ್ತು ಹೆಸರು ನಾಲಿಗೆಯ ಮೇಲೆ ಕ್ರಮಸಂಖ್ಯೆಯ ಪ್ರಕಾರ ನಿಂತಿದ್ದವು. ಸುಳ್ಳು ಹೇಳಲು ನನಗೆ ಬರುವುದಿಲ್ಲ, ಅಭ್ಯಾಸವಿಲ್ಲ.

"ಮೇಡಂ, ನನಗೆ ಒಬ್ಬಳನ್ನು ನೋಡಲು ಹೇಳಿದ್ದಿರಿ" ಎಂದು ಮರಾಠಿಯಲ್ಲಿ ಹೇಳಿದೆ. "ಉಳಿದವರು ಫೋನು ಕೊಟ್ಟರು. ಕೊಟ್ಟವರ ಮನೆಯಲ್ಲಿ ನಾನು ಬೇರೇನನ್ನೂ ಹುಡುಕಲಿಲ್ಲ."

ಅವರು ಖಾಲಿ ಬೆಂಚುಗಳ ಫೋಟೋ ಇದ್ದ ಫೋನನ್ನು ನನ್ನ ಕಡೆ ಸರಿಸಿದರು. ಆಮೇಲೆ ಸಹಿ ಮಾಡಿದರು. ಸೋಮವಾರದಿಂದ ನೀವೇ ಹೋಗಿ ಹೆಸರು ಕೂಗಿ ಎಂದರು. ತರಗತಿಯಲ್ಲಿ ಫೋನು ಬಳಸಿದ್ದಕ್ಕೆ ಹನ್ನೊಂದು ಮಂದಿ ಕೈಬರಹದಲ್ಲಿ ಕ್ಷಮಾಪಣೆ ಬರೆದುಕೊಡಲಿ ಎಂದರು. ಅದರಲ್ಲಿ ಕೆಲವರಿಗೆ ಎರಡು ದಿನ ಹಿಡಿಯಿತು, ಕೈ ನೋಯುತ್ತದೆ ಎಂದರು. ನನಗೆ ಒಂದು ಮೆಮೊ ಕೊಟ್ಟರು. ನನ್ನ ಸೇವೆ ಕಂಡ ಒಂದೇ ಮೆಮೊ ಅದು. ಪೆನ್ಶನ್ ಕಾಗದಗಳ ಜತೆಗೆ ಇಟ್ಟಿದ್ದೇನೆ.

ಮೇಡಂ ಏನು ಕೇಳಿದರು, ನಾನು ಏನೆಂದೆ ಎಂದು ಯಾರಿಗೂ ಹೇಳಲಿಲ್ಲ. ಆದರೂ ಸೋಮವಾರ ಬೆಳಿಗ್ಗೆ ಪುಸ್ತಕ ಹಿಡಿದು ಆ ತರಗತಿಗೆ ಹೋದಾಗ ಬೆಂಚುಗಳು ಸಾಲದೆ ಇಬ್ಬರು ಗೋಡೆಗೆ ಒರಗಿ ನಿಂತಿದ್ದರು. ನೂರ ಹತ್ತು ಮಂದಿ ಒಟ್ಟಿಗೆ ಆ ಕೋಣೆಯಲ್ಲಿ ಹಿಡಿಸುವುದಿಲ್ಲ ಎಂಬುದು ಕಾಲೇಜಿಗೆ ಅಂದೇ ತಿಳಿದದ್ದು.

ಸುವರ್ಣಾ ಎಂದಿನಂತೆ ರೈಲಿನಿಂದ ಇಳಿದು, ಸ್ವಲ್ಪ ತಡವಾಗಿ ಬಂದಳು. ಇನ್ನು ಬೆರಳಿಡುವ ಅಗತ್ಯವಿರಲಿಲ್ಲ. ಅಭ್ಯಾಸ, ಇಟ್ಟಳು. ಯಂತ್ರ ತನ್ನ ಎಂದಿನ ಸೌಜನ್ಯದಿಂದ "ಪ್ಲೀಸ್ ಟ್ರೈ ಅಗೇನ್" ಎಂದಿತು.

ಆಮೇಲೆ ಹಿಂದಿನ ಬೆಂಚಿನಿಂದ ನಿಶಾಂತ್, ಅವನ ಹಿಂದೆ ಉಳಿದವರು, ಇಡೀ ತರಗತಿ ಒಂದೇ ದನಿಯಲ್ಲಿ, ಯಂತ್ರದ ಅದೇ ರಾಗದಲ್ಲಿ ಹೇಳಿತು:

"ಥ್ಯಾಂಕ್ ಯೂ."

ನಾನು ತಲೆ ಎತ್ತಿ ನೋಡಿದೆ. ಆಮೇಲೆ ಬರೆದೆ.